ಪಾಲು ಕೇಳುವವರ ಮತ

ಓದುಗರೇ, 2016ನೆಯ ಇಸವಿಯ ಜೂನ್ ತಿಂಗಳ ಕೊನೆಯ ವಾರ ಕೇಳಿದ ವಾರ್ತೆಗಳು ನಿಮಗೆ ನೆನಪಿರಬಹುದು. ಆ ತಿಂಗಳ 23ರಂದು ಬ್ರಿಟನ್ನಿನ ಪ್ರಜೆಗಳು ಮತ ನೀಡಿ, ಯುರೋಪಿನ ಒಕ್ಕೂಟವನ್ನು ಬಿಡುವುದೆಂದು ತೀರ್ಮಾನಿಸಿದರು. ಬಿಡೋಣ ಎಂದವರು ನೂರಕ್ಕೆ 51.9; ಇರೋಣ ಎಂದವರು 48.1. ನಲವತ್ತು ವರ್ಷಗಳಿಗೂ ಮಿಕ್ಕಿ ಕೂಡಿ ಬಾಳಿದ ಮನೆ ಅದು. ವ್ಯಾಪಾರಕ್ಕೆ ಸುಂಕವಿಲ್ಲ, ದುಡಿಯಲು ಹೋದವನಿಗೆ ತಡೆಯಿಲ್ಲ. ಇಷ್ಟು ಅನುಕೂಲವಿದ್ದ ಕೂಟವನ್ನು ತಾವಾಗಿ ಬಿಡುವ ಜನರೂ ಇರುತ್ತಾರೆಯೇ ಎಂದು ನಮ್ಮಲ್ಲಿ ಅನೇಕರು ಬೆರಗಾದರು. ಈ ಬೆರಗಿಗೆ ಉತ್ತರ ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಬಲ್ಮಠದಿಂದ ತೆಂಕಣ ದಿಕ್ಕಿಗೆ ಒಂದು ಗಂಟೆಯ ದಾರಿ ಸಾಕು.

ನಮ್ಮ ಜಿಲ್ಲೆಯ ಹಳೆಯ ಮನೆತನಗಳಲ್ಲಿ ಬೆಳೆದವರಿಗೆ ಪಾಲಿನ ಮಾತು ಹೊಸದಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಯಜಮಾನನ ಕೈಕೆಳಗೆ ನಾಲ್ಕಾರು ಕವರುಗಳು ಒಂದೇ ಸೂರಿನಡಿ ಬಾಳುತ್ತಿದ್ದವು. ಎಲ್ಲರೂ ಒಪ್ಪಿದ ಹೊರತು ಒಂದು ಕವರಿನವರು ತಮ್ಮ ಪಾಲನ್ನು ಕೇಳಿ ಪಡೆಯುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಆ ಹಕ್ಕು ಒದಗಿತು. ಹಾಗೆ ಪಾಲು ಕೇಳಿದವರೆಲ್ಲರೂ ಮನೆಯನ್ನು ದ್ವೇಷಿಸಿದವರೆಂದು ಹೇಳಲಾಗದು. ತಮ್ಮನ್ನು ಒಂದು ಮಾತು ಕೇಳದೆ ಗದ್ದೆಯನ್ನು ಗೇಣಿಗೆ ಕೊಟ್ಟರು, ತಮ್ಮ ಮಕ್ಕಳ ಓದಿಗೆ ಹಣವಿಲ್ಲವೆಂದರು, ಮಾತಾಡಲು ಹೋದರೆ ಚಾವಡಿಯಲ್ಲಿ ಕುಳಿತುಕೊಳ್ಳಲೂ ಹೇಳಲಿಲ್ಲ, ಇಂಥ ಸಣ್ಣ ನೋವುಗಳು ವರ್ಷವರ್ಷಕ್ಕೆ ಕೂಡಿ ಒಂದು ದಿನ ಪಾಲಿನ ಮಾತಾಗಿ ಹೊರಬರುತ್ತಿದ್ದವು. ರಾಜ್ಯಗಳ ಕೂಟದಲ್ಲಿಯೂ ನಡೆಯುವುದು ಇದೇ. ಯುರೋಪಿನ ಕೂಟದಲ್ಲಿ ಸಹ, 2009ರ ಡಿಸೆಂಬರ್ 1ರಂದು ಲಿಸ್ಬನ್ ಒಪ್ಪಂದವು ಜಾರಿಗೆ ಬಂದು ಅದರೊಡನೆ 50ನೆಯ ವಿಧಿ ಸೇರುವ ತನಕ, ಬಿಟ್ಟುಹೋಗುವ ಬಗೆಯನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಬಲ್ಮಠದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾವುಟಗುಡ್ಡೆ ಇದೆ. 1834ರಲ್ಲಿ ಇಂಗ್ಲಿಷರ ಕಂಪೆನಿ ಕೊಡಗಿನ ಅರಸನನ್ನು ಇಳಿಸಿ ಆ ನಾಡನ್ನು ತನ್ನದಾಗಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಹಚ್ಚಿತು. ಅಲ್ಲಿನ ರೈತರನ್ನು ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಾಗಿರಲಿಲ್ಲ. ಕೊಡಗಿನ ಆಳ್ವಿಕೆಯಲ್ಲಿ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸಿ ರೂಢಿಯಿದ್ದ ಜನ ಈಗ ನಗದು ಹಣ ತರಬೇಕಾಯಿತು. ಹಣಕ್ಕಾಗಿ ವರ್ತಕನ ಬಳಿಗೆ ಹೋಗಬೇಕು. ಅವನು ಹೇಳಿದ ಬೆಲೆಗೆ ಭತ್ತ ಮಾರಬೇಕು. ಮೂರು ವರ್ಷ ಕಳೆಯುವಷ್ಟರಲ್ಲಿ, 1837ರಲ್ಲಿ, ಅಮರಸುಳ್ಯದಿಂದ ಹೊರಟ ದಂಗೆ ಮಂಗಳೂರಿಗೆ ಬಂದು, ಈ ಗುಡ್ಡದಲ್ಲಿ ಕಂಪೆನಿಯ ಬಾವುಟವನ್ನು ಇಳಿಸಿತೆಂದು ನಾಡವರು ನೆನೆಯುತ್ತಾರೆ. ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಲ್ಲಿ ಅಲ್ಲಿ ನಿಂತಿತು. ಮತಪೆಟ್ಟಿಗೆಯಿಲ್ಲದ ಕಾಲದಲ್ಲಿ, ಕೇಳದೆ ಗಡಿ ಸರಿಸಿದ್ದಕ್ಕೆ ಜನ ಕೊಟ್ಟ ಉತ್ತರ ಅದು. ಅಂಥದೇ ಪ್ರಶ್ನೆ ಮತಪೆಟ್ಟಿಗೆಯ ಕಾಲದಲ್ಲಿ ನಮ್ಮ ಜಿಲ್ಲೆಯ ತೆಂಕಣ ತುದಿಯಲ್ಲಿ ಎದ್ದಾಗ ಏನಾಯಿತೆಂಬುದನ್ನು ಈಗ ನೋಡೋಣ.

1953ರ ಡಿಸೆಂಬರಿನಲ್ಲಿ ಭಾರತ ಸರಕಾರವು ರಾಜ್ಯಗಳ ಪುನರ್ವಿಂಗಡಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಅವರು ಒಪ್ಪಿಸಿದ ವರದಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಕರ್ನಾಟಕಕ್ಕೆ ಕೊಟ್ಟಿತು. ಅದರ ಕಾಸರಗೋಡು ತಾಲೂಕನ್ನು ಮಾತ್ರ ಕತ್ತರಿಸಿ ಕೇರಳಕ್ಕೆ ಕೊಟ್ಟಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಅತ್ತ ಬೆಂಗಳೂರಿನಲ್ಲಿ ಕನ್ನಡಿಗರೆಲ್ಲ ಒಂದಾದ ಹಬ್ಬ. ಇತ್ತ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಕನ್ನಡಿಗರಿಗೆ ಅದೇ ದಿನ ಅಗಲಿಕೆಯ ದಿನ.

ವಾದ ಎರಡು ಕಡೆಗೂ ಇತ್ತು. ತಾಲೂಕನ್ನು ಇಡಿಯಾಗಿ ಎಣಿಸಿದರೆ ಮಲಯಾಳ ಮಾತಿನವರ ಸಂಖ್ಯೆಯೇ ಹೆಚ್ಚೆಂಬುದರಲ್ಲಿ ಸಂಶಯವಿರಲಿಲ್ಲ. ಇಡಿಯಾಗಿ ಎಣಿಸುವುದೇ ತಪ್ಪು, ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಬೇರೆಯಾಗಿ ನೋಡಬೇಕು ಎಂದು ಕನ್ನಡಿಗರು ವಾದಿಸಿದರು. ಆ ಹೊಳೆ ಹಿಂದಿನಿಂದಲೂ ತುಳುನಾಡಿಗೂ ಮಲಯಾಳ ನಾಡಿಗೂ ಮೇರೆಯೆಂದು ಹೆಸರಾದದ್ದು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುವವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದೂ ಚರ್ಚೆಯ ವಿಷಯವಾಯಿತು. ಎಣಿಸುವ ಮೇರೆಯನ್ನು ಎಲ್ಲಿ ಎಳೆಯುತ್ತೇವೆಯೋ ಅಲ್ಲಿಯೇ ಬಹುಮತವೂ ಹುಟ್ಟುತ್ತದೆ. ಒಕ್ಕೂಟಗಳ ಎಲ್ಲ ಜಗಳಗಳಲ್ಲಿಯೂ ಇದು ಕಾಣುವ ಸಂಗತಿ. ಮುಂದೆ ಮತ್ತೆ ಇದರ ಮಾತು ಬರುತ್ತದೆ.

ಒಂದು ವಿಷಯವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಕಾಸರಗೋಡಿನ ಕನ್ನಡಿಗರು ಭಾರತವನ್ನು ಬಿಡುತ್ತೇವೆಂದು ಎಂದೂ ಹೇಳಿದವರಲ್ಲ. ದೊಡ್ಡ ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಬೇಕೆಂಬುದಷ್ಟೇ ಅವರ ಬಯಕೆ. ಆದರೆ ನಮ್ಮ ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕೆಂದು ಉಂಟು. ಆ ನೆಲದ ಜನರ ಮತ ಪಡೆಯಬೇಕೆಂದು ಇಲ್ಲ. ಹಾಗಿರುವಾಗ ಜನರಿಗೆ ಉಳಿದ ದಾರಿ ಒಂದೇ: ಸಾಮಾನ್ಯ ಚುನಾವಣೆಯ ಮತಪೆಟ್ಟಿಗೆಯಲ್ಲಿ ಈ ಪ್ರಶ್ನೆಯ ಉತ್ತರವನ್ನೂ ಹಾಕುವುದು.

ಅವರು ಅದನ್ನೇ ಮಾಡಿದರು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಯ ಚುನಾವಣೆ ನಡೆದಾಗ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ನಿಂತರು. ಎದುರಾಳಿಯೇ ಇಲ್ಲದೆ ಆರಿಸಿ ಬಂದರು. 1960ರಲ್ಲಿ ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿಯವರನ್ನು ಅದೇ ಕ್ಷೇತ್ರ ಆರಿಸಿತು. 1965ರಲ್ಲಿ ಮತ್ತೆ ಅವರೇ. ಯಾವ ಪಕ್ಷಕ್ಕೂ ಬಹುಮತವಿಲ್ಲದೆ ಆ ವಿಧಾನಸಭೆ ಕೂಡಲೇ ಇಲ್ಲ. 1967ರಲ್ಲಿ ಮೂರನೆಯ ಸಲವೂ ಅವರೇ. ಆ ವರ್ಷ ಕಾಸರಗೋಡು ಕ್ಷೇತ್ರದಿಂದಲೂ ಸಮಿತಿಯ ಪಕ್ಷದ ಯು. ಪಿ. ಕುಣಿಕುಳ್ಳಾಯರು ಗೆದ್ದರು. ಒಂದೇ ಉದ್ದೇಶಕ್ಕಾಗಿ ಹತ್ತು ವರ್ಷ ಎಡೆಬಿಡದೆ ಮತ ನೀಡಿದ ಜನ ಅಪೂರ್ವ.

ಏಕೆ ಹೀಗೆ ಮತ ನೀಡಿದರು? ಭಾಷಾಭಿಮಾನ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಅಭಿಮಾನಕ್ಕೆ ಕಾರಣವೂ ಉಂಟು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿ ಬರೆದದ್ದು ಮಂಜೇಶ್ವರದಲ್ಲಿ. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪಿತಾಮಹನೆನಿಸಿದ ಪಾರ್ತಿಸುಬ್ಬ ಕುಂಬಳೆಯವನು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯೂ ಅಧ್ಯಾಪಕರೂ ಆಗಿದ್ದು ಈ ಚಳುವಳಿಯ ಮುಂದಾಳಾದರು. 1915ರಲ್ಲಿ ಹುಟ್ಟಿ ಶತಾಯುಷಿಯಾಗಿ 2015ರಲ್ಲಿ ತೀರಿಕೊಳ್ಳುವ ತನಕ ಆ ಆಸೆಯನ್ನು ಬಿಡಲಿಲ್ಲ. ಆದರೆ ಅಭಿಮಾನವೊಂದೇ ಹತ್ತು ವರ್ಷ ಮತಪೆಟ್ಟಿಗೆ ತುಂಬಿಸುವುದಿಲ್ಲ. ದಿನಬಳಕೆಯ ಬದುಕಿನಲ್ಲಿ ಏನಾಯಿತೆಂಬುದನ್ನು ನೋಡಬೇಕು.

ಮಂಜೇಶ್ವರದವನಿಗೆ ಜಿಲ್ಲೆಯ ಕಚೇರಿ ಮಂಗಳೂರಾಗಿತ್ತು: ಬೆಳಗಿನ ಗಾಡಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಪುನರ್ವಿಂಗಡಣೆಯ ಬಳಿಕ ಅವನ ಜಿಲ್ಲೆ ಕಣ್ಣೂರಾಯಿತು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಡಿಕೆ ಮಾರಲು, ಮಗನನ್ನು ಕಾಲೇಜಿಗೆ ಸೇರಿಸಲು, ಕಾಯಿಲೆಯವರನ್ನು ವೈದ್ಯರಿಗೆ ತೋರಿಸಲು ಹಿಂದಿನಂತೆ ಮಂಗಳೂರೇ. ಹೀಗೆ ಬದುಕು ಒಂದು ದಿಕ್ಕಿಗೆ, ಸರಕಾರ ಇನ್ನೊಂದು ದಿಕ್ಕಿಗೆ. ತಿರುವನಂತಪುರದಿಂದ ಬರುವ ಆಜ್ಞೆಯನ್ನು ಓದಿಸಿಕೊಳ್ಳಲು ಮತ್ತೊಬ್ಬನನ್ನು ಹುಡುಕಬೇಕು. ಕನ್ನಡದಲ್ಲಿ ಓದಿದ ಹುಡುಗನಿಗೆ ಸರಕಾರಿ ಕೆಲಸ ಸಿಕ್ಕೀತೇ ಎಂಬ ಚಿಂತೆ. ಇನ್ನು 126 ಸ್ಥಾನಗಳ ವಿಧಾನಸಭೆಯಲ್ಲಿ ಒಬ್ಬರೋ ಇಬ್ಬರೋ ಶಾಸಕರು ಎದ್ದುನಿಂತರೆ ಅವರ ಮಾತಿಗೆ ತೂಕವೆಷ್ಟು?

ಒಂದು ಆಕ್ಷೇಪ ನಿಮ್ಮ ಮನಸ್ಸಿನಲ್ಲಿ ಹುಟ್ಟಬಹುದು. ಅದಕ್ಕೆ ಮೊದಲು ಮದರಾಸಿನ ಆಡಳಿತವಿತ್ತಲ್ಲ. ಮದರಾಸು ಇನ್ನೂ ದೂರವಲ್ಲವೆ? ದೂರವೇ ಸರಿ. ಆದರೆ ಹಳೆಯ ಮದರಾಸು ಪ್ರಾಂತ ತಮಿಳು, ತೆಲುಗು, ಮಲಯಾಳ, ಕನ್ನಡದವರೆಲ್ಲ ಇಳಿದುಕೊಂಡ ಛತ್ರದ ಹಾಗಿತ್ತು. ಛತ್ರದಲ್ಲಿ ಎಲ್ಲರೂ ಅತಿಥಿಗಳು; ಅನಾನುಕೂಲ ಎಲ್ಲರಿಗೂ ಸಮ. 1956ರಲ್ಲಿ ಪ್ರತಿಯೊಂದು ಭಾಷೆಗೂ ಸ್ವಂತ ಮನೆ ಕಟ್ಟಿಕೊಟ್ಟಾಗ ಕಾಸರಗೋಡಿನ ಕನ್ನಡಿಗ ಮೊದಲ ಬಾರಿಗೆ ಇನ್ನೊಬ್ಬರ ಮನೆಯಲ್ಲಿ ನೆಂಟನಾದ. ದೂರಕ್ಕಿಂತ ಈ ನೆಂಟತನ ಅವನನ್ನು ಹೆಚ್ಚು ನೋಯಿಸಿತು. ಬ್ರಿಟನ್ನಿನ ಮತದಾರನೂ ಬ್ರಸೆಲ್ಸಿನ ವಿಷಯದಲ್ಲಿ ಆಡಿದ ಮಾತು ಇದಕ್ಕೆ ಸಮೀಪದ್ದು: ನಮ್ಮ ಕಾನೂನನ್ನು ನಾವು ಅರಿಯದವರು ಎಲ್ಲಿಯೋ ಕುಳಿತು ಬರೆಯುತ್ತಾರೆ.

ಇದೇ ನೆಲದಲ್ಲಿ ಬೇರೆ ಬಗೆಯಲ್ಲಿ ಯೋಚಿಸಿದವರೂ ಇದ್ದರು. ಹೊಳೆಯ ಬಡಗಣಕ್ಕೂ ತಲೆತಲಾಂತರದಿಂದ ಮಲಯಾಳವಾಡುವ ಕುಟುಂಬಗಳು ಉಂಟು. ಗಡಿಯನ್ನು ಚಂದ್ರಗಿರಿಗೆ ಸರಿಸಿದರೆ ಅವರು ನಮ್ಮ ಮನೆಯಲ್ಲಿ ನೆಂಟರಾಗುತ್ತಿದ್ದರು. ಅವರ ಮನಸ್ಸನ್ನು ತಿಳಿಯದೆ ಕಾಸರಗೋಡಿನ ಜನ ಏನು ಬಯಸಿದರೆಂದು ಹೇಳುವುದು ಸಲ್ಲದು.

ಹಾಗಾದರೆ ತಿಳಿಯುವ ಬಗೆ ಹೇಗೆ? ಇದಕ್ಕೆ ಉತ್ತರ ನಮ್ಮ ಬಡಗಣ ನೆರೆಯಲ್ಲಿ, ಗೋವೆಯಲ್ಲಿ ಸಿಗುತ್ತದೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಹಿರಿಯರು ಬಂದ ಊರೆಂದು ನೆನೆಯುವ ನಾಡು ಅದು. 1961ರ ಡಿಸೆಂಬರ್ 19ರಂದು ಪೋರ್ತುಗೀಸರಿಂದ ಬಿಡುಗಡೆಯಾದ ಗೋವೆಯಲ್ಲಿ, 1963ರ ಮೊದಲ ಚುನಾವಣೆಯಲ್ಲಿ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರಕ್ಕೆ ಬಂತು. ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆಂಬುದೇ ಅದರ ಮುಖ್ಯ ಬೇಡಿಕೆ. ಜನರ ಮನಸ್ಸು ತಿಳಿಯಿತು, ಇನ್ನು ವಿಲೀನವೊಂದೇ ಬಾಕಿ ಎಂದು ಹಲವರು ಹೇಳಿದರು. ಇಲ್ಲ, ಪ್ರತ್ಯೇಕವಾಗಿ ಕೇಳಿರಿ ಎಂದು ಇತರರು ಪಟ್ಟುಹಿಡಿದರು. ಸಂಸತ್ತು ಅದಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಮುಖ್ಯಮಂತ್ರಿ ಬಾಂದೋಡಕರರು ನಿಷ್ಪಕ್ಷಪಾತಕ್ಕಾಗಿ ಅಧಿಕಾರ ಬಿಟ್ಟರು. 1967ರ ಜನವರಿ 16ರಂದು ಮತದಾನ ನಡೆಯಿತು. ವಿಲೀನಕ್ಕೆ ಹೂವಿನ ಗುರುತು. ಪ್ರತ್ಯೇಕವಾಗಿ ಉಳಿಯಲು ಎರಡು ಎಲೆಗಳ ಗುರುತು. ಹೂವಿಗೆ 1,38,170 ಮತ, ಎಲೆಗಳಿಗೆ 1,72,191. ಗೋವೆ ಬೇರೆಯಾಗಿಯೇ ಉಳಿಯಿತು. ಕೆಲವೇ ವಾರಗಳ ನಂತರ ಚುನಾವಣೆ ಬಂದಾಗ ಅದೇ ಜನ ಅದೇ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು!

ಇದನ್ನು ಸ್ವಲ್ಪ ನಿಂತು ನೋಡಿರಿ. ಆಳುವವರು ಯಾರು ಎಂಬ ಪ್ರಶ್ನೆಗೆ ಒಂದು ಉತ್ತರ. ನಾವು ಯಾರೊಡನೆ ಇರಬೇಕು ಎಂಬ ಪ್ರಶ್ನೆಗೆ ಇನ್ನೊಂದು. ಮತದಾರನಿಗೆ ಈ ಎರಡನ್ನೂ ಬೇರೆ ಬೇರೆಯಾಗಿ ತೂಗುವ ಬುದ್ಧಿ ಉಂಟು. ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಹೀಗೆಯೇ ನಡೆದಿತ್ತು. ಅಲ್ಲಿಯವರು ಗೋದಿ ಬೆಳೆಯುವ ಜನ. ಪೂರ್ವದ ಕಾರ್ಖಾನೆಗಳನ್ನು ಕಾಪಾಡಲು ಆಸ್ಟ್ರೇಲಿಯದ ಒಕ್ಕೂಟ ಸುಂಕ ಹೇರಿದ್ದರಿಂದ ಅವರು ಕೊಳ್ಳುವ ಯಂತ್ರಕ್ಕೆ ಬೆಲೆ ಹೆಚ್ಚು. ಜಗತ್ತಿನ ಆರ್ಥಿಕ ಕುಸಿತದಿಂದಾಗಿ ಮಾರುವ ಗೋದಿಗೆ ಬೆಲೆ ಇಲ್ಲ. 1933ರ ಏಪ್ರಿಲ್ 8ರಂದು ಒಕ್ಕೂಟ ಬಿಡೋಣವೆಂದು 1,38,653 ಮಂದಿಯೂ ಬೇಡವೆಂದು 70,706 ಮಂದಿಯೂ ಮತ ನೀಡಿದರು. ಅದೇ ದಿನ ನಡೆದ ಚುನಾವಣೆಯಲ್ಲಿ ಆ ಜನಾಭಿಪ್ರಾಯವನ್ನು ಏರ್ಪಡಿಸಿದ ಸರಕಾರವನ್ನೇ ಮನೆಗೆ ಕಳುಹಿಸಿದರು. ಆಮೇಲೆ ಲಂಡನ್ನಿನ ಪಾರ್ಲಿಮೆಂಟಿಗೆ ಮನವಿ ಹೋಯಿತು. 1935ರಲ್ಲಿ, ಇದನ್ನು ಸ್ವೀಕರಿಸುವುದು ಸಾಧ್ಯವಿಲ್ಲವೆಂಬ ಉತ್ತರ ಬಂತು. ಪಶ್ಚಿಮ ಆಸ್ಟ್ರೇಲಿಯ ಇಂದಿಗೂ ಒಕ್ಕೂಟದಲ್ಲಿಯೇ ಇದೆ.

ನಮ್ಮ ಬಂದರಿನ ಮೀನುಗಾರರಿಗೆ ಗ್ರೀನ್‌ಲ್ಯಾಂಡಿನ ಕಥೆ ಬೇಗ ಅರ್ಥವಾದೀತು. ಡೆನ್ಮಾರ್ಕು 1973ರಲ್ಲಿ ಯುರೋಪಿನ ಸಮುದಾಯವನ್ನು ಸೇರುವ ಮುನ್ನ ಮತದಾನ ನಡೆದಾಗ ಗ್ರೀನ್‌ಲ್ಯಾಂಡಿನವರು ಬಹುಮತದಿಂದ ಬೇಡವೆಂದಿದ್ದರು. ಡೆನ್ಮಾರ್ಕಿನ ಒಟ್ಟು ಲೆಕ್ಕದಲ್ಲಿ ಅವರ ಮತ ಮುಳುಗಿಹೋಯಿತು. ಅವರೂ ಒಳಗೆ ಸೇರಿದರು. ತಮ್ಮ ಕಡಲಿನಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂಬುದನ್ನು ದೂರದವರು ಗೊತ್ತುಮಾಡತೊಡಗಿದರು. ಸ್ವಯಮಾಡಳಿತ ದೊರೆತ ಮೇಲೆ, 1982ರಲ್ಲಿ ಅವರು ತಮ್ಮೊಳಗೇ ಮತ ಕೇಳಿ, ಬಿಡುವುದೆಂದು ತೀರ್ಮಾನಿಸಿದರು, 1985ರಲ್ಲಿ ಹೊರಬಂದರು. ಡೆನ್ಮಾರ್ಕಿನೊಡನೆ ಎಣಿಸಿದಾಗ ಒಂದು ಬಹುಮತ, ಪ್ರತ್ಯೇಕ ಎಣಿಸಿದಾಗ ಇನ್ನೊಂದು. ಬ್ರಿಟನ್ನು ಬಿಡೋಣವೆಂದಾಗಲೂ ಅದರೊಳಗಿನ ಸ್ಕಾಟ್ಲೆಂಡು ನೂರಕ್ಕೆ 62ರಂತೆ ಇರೋಣ ಎಂದಿತ್ತು. ಚಂದ್ರಗಿರಿ ಹೊಳೆಯ ಪ್ರಶ್ನೆಯೇ ಅಲ್ಲವೆ ಇವೆಲ್ಲ?

ಈಗ ಕಾಸರಗೋಡಿಗೆ ಮರಳೋಣ. 1966ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗವನ್ನು ಕೇಂದ್ರ ಸರಕಾರ ನೇಮಿಸಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಚಂದ್ರಗಿರಿಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅವರು ಶಿಫಾರಸು ಮಾಡಿದರು. ಕನ್ನಡಿಗರು ಹಿಗ್ಗಿದರು. ಆದರೆ ಅದೇ ವರದಿ ಬೆಳಗಾವಿ ನಗರವನ್ನು ಮಹಾರಾಷ್ಟ್ರಕ್ಕೆ ಕೊಡಲಿಲ್ಲವಾದ್ದರಿಂದ ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. ಬೆಳಗಾವಿಯ ಜಗಳದ ಜೊತೆ ಕಾಸರಗೋಡಿನ ಕಡತವೂ ಕಪಾಟು ಸೇರಿತು. ಗೋವೆಯವರನ್ನು ಕೇಳಿದ ವರ್ಷವೇ ಕಾಸರಗೋಡಿನವರ ಪರವಾಗಿ ವರದಿಯೊಂದು ಬಂತು. ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

ಕಾಲ ನಿಲ್ಲಲಿಲ್ಲ. 1970ರಲ್ಲಿ ಮಂಜೇಶ್ವರ ಕ್ಷೇತ್ರ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು. ಆ ವರ್ಷದ ಮೊದಲ ದಿನದಿಂದ ಕೇರಳದಲ್ಲಿ ಗೇಣಿಪದ್ಧತಿ ಕೊನೆಗೊಂಡಿತ್ತು. ತಾನು ಉಳುವ ಗದ್ದೆ ತನ್ನದಾಗುವ ಹೊತ್ತಿನಲ್ಲಿ ಗೇಣಿಯ ರೈತನಿಗೆ ಗಡಿಗಿಂತ ಗದ್ದೆ ಹತ್ತಿರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯಿದೆ ಕೊಟ್ಟಿತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಗಿ ಕಣ್ಣೂರಿನ ಪ್ರಯಾಣ ತಪ್ಪಿತು. ನೋವಿನ ಕಾರಣ ಒಂದೊಂದಾಗಿ ತಗ್ಗಿದ ಹಾಗೆ ಪಾಲಿನ ಮಾತೂ ತಗ್ಗಿತು, ಪೂರ್ತಿ ಅಡಗಿತೆನ್ನುವಂತಿಲ್ಲ. ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ 2017ರಲ್ಲಿ ಬಂದಾಗ ಅಲ್ಲಿನ ಕನ್ನಡಿಗರು ಮತ್ತೆ ಬೀದಿಗಿಳಿದರು.

ಇನ್ನೊಂದು ಘಟನೆಯನ್ನು ಹೇಳದಿದ್ದರೆ ಈ ಇತಿಹಾಸ ಪೂರ್ಣವಾಗದು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಜಾಡ್ಯದ ಭಯದಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ವಿಷಯ ಕೇರಳದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ನಾವು ನಮ್ಮವರೆಂದು ಅರವತ್ತು ವರ್ಷ ಭಾಷಣ ಮಾಡಿದ ಜನರಿಗೆ ಬಾಗಿಲು ಹಾಕಿದವರು ನಾವೇ. ಅಲ್ಲಿಯವರೆಗೆ ಕಾಗದದ ಮೇಲಿನ ಗೆರೆಯಾಗಿದ್ದದ್ದು ಅಂದು ಮಣ್ಣಿನ ದಿಬ್ಬವಾಯಿತು.

ಒಮ್ಮೆ ತರಗತಿಯಲ್ಲಿ ಈ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು, "ಸಾರ್, ಗೋವೆಯ ಹಾಗೆ ಕಾಸರಗೋಡಿನಲ್ಲಿಯೂ ಕೇಳಿದ್ದರೆ ಜನ ಏನು ಹೇಳುತ್ತಿದ್ದರು?" ಎಂದ. ಕನ್ನಡ ಪಂಡಿತನಾದ ನನ್ನಿಂದ ಅವನು ಯಾವ ಉತ್ತರ ನಿರೀಕ್ಷಿಸಿದ್ದನೆಂದು ಊಹಿಸಬಲ್ಲೆ. ಹತ್ತು ವರ್ಷದ ಚುನಾವಣೆಗಳ ಫಲಿತಾಂಶ ನನ್ನ ಕೈಯಲ್ಲಿಯೂ ಇತ್ತು. ಆದರೆ ಗೋವೆಯ ಹೂವು ಮತ್ತು ಎಲೆಗಳ ಲೆಕ್ಕವನ್ನು ಆಗಷ್ಟೇ ಕಪ್ಪುಹಲಗೆಯ ಮೇಲೆ ಬರೆದಿದ್ದೆ. "ಗೊತ್ತಿಲ್ಲ ಮಗು, ಕೇಳಿದ್ದರೆ ಗೊತ್ತಾಗುತ್ತಿತ್ತು" ಎಂದೆ.

ಒಂದು ಕೂಟವನ್ನು ಬಿಡಲು ಜನ ಮತ ನೀಡಿದರೆಂದು ಮುಂದೆ ಎಂದಾದರೂ ವಾರ್ತೆಯಲ್ಲಿ ಕೇಳಿದಾಗ, ಅವರಿಗೆ ಬುದ್ಧಿಯಿಲ್ಲವೆಂದಾಗಲಿ ಅವರೇ ವೀರರೆಂದಾಗಲಿ ಅವಸರದಿಂದ ಹೇಳಬೇಡಿರಿ. ಸೇರಿಸುವ ದಿನ ಅವರನ್ನು ಕೇಳಿದ್ದರೇ? ಸೇರಿದ ಮೇಲೆ ಚಾವಡಿಯಲ್ಲಿ ಅವರಿಗೆ ಮಣೆ ಇಟ್ಟಿದ್ದರೇ? ಅವರು ಹೊರಟರೆ ಅವರ ಮನೆಯಲ್ಲಿ ಹೊಸದಾಗಿ ನೆಂಟರಾಗುವವರು ಯಾರು? ಈ ಮೂರನ್ನು ವಿಚಾರಿಸಿದರೆ ಅರ್ಧ ಕಥೆ ತಿಳಿಯುತ್ತದೆ. ಉಳಿದರ್ಧವನ್ನು ತಿಳಿಯಲು ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟು, ಕೋಟೆಕಾರು ಕಳೆದು, ತಲಪಾಡಿಯಲ್ಲಿ ಒಮ್ಮೆ ಬಸ್ಸಿಳಿದು ನೋಡಿರಿ. ಗೆರೆಯ ಈಚೆಗೂ ಆಚೆಗೂ ಅದೇ ಕೆಂಪು ಮಣ್ಣು, ಅದೇ ತೆಂಗು. ಅಂಗಡಿಯ ಮುಂದೆ ಕನ್ನಡ, ತುಳು, ಮಲಯಾಳ, ಬ್ಯಾರಿ ಮಾತುಗಳು ಬೆರೆತು ಕೇಳಿಬರುತ್ತವೆ. ಗೆರೆ ಎಲ್ಲಿದೆಯೆಂದು ತಿಳಿಯಲು ಹಲಗೆಯನ್ನೇ ಓದಬೇಕು.